ಪ್ರತಿಭೆಯ ಸುಂಕದಕಟ್ಟೆ

1

ಕುಳಿತ ಕೊಂಬೆಯನ್ನೇ ಕಡಿಯುತ್ತಿದ್ದ ದಡ್ಡನೊಬ್ಬ ಕಾಳಿಯ ವರದಿಂದ ಮಹಾಕವಿಯಾದನೆಂಬ ಐತಿಹ್ಯವನ್ನು ಕೇಳದವರು ನಮ್ಮಲ್ಲಿ ಕಡಿಮೆ. 1983ರ ‘ಕವಿರತ್ನ ಕಾಳಿದಾಸ’ ಚಿತ್ರದ ಮೂಲಕ ಅದು ಗಡಿಯಾಚೆಗಿನ ನಮ್ಮ ಮನೆಗಳಿಗೂ ಬಂದು, ರಾಜಕುಮಾರ್ ಅವರ ಮುಖ ಮತ್ತು ಧ್ವನಿಯೊಂದಿಗೆ ನೆನಪಿನಲ್ಲಿ ನಿಂತಿದೆ. ಈ ಕಥೆಯ ಬಗ್ಗೆ ನಾವು ಎಂದೂ ಕೇಳದ ಒಂದು ಪ್ರಶ್ನೆಯಿದೆ. ಕಾಳಿ ಒಲಿಯದೇ ಹೋಗಿದ್ದರೆ ಆ ದಡ್ಡನ ಗತಿ ಏನಾಗುತ್ತಿತ್ತು? ಕಥೆಗೆ ಆ ಚಿಂತೆಯಿಲ್ಲ. ವರ ಸಿಗುವವರೆಗೆ ಆತ ನಗೆಗೆ ವಸ್ತು, ಸಿಕ್ಕಿದ ಮೇಲೆ ಪೂಜೆಗೆ ವಸ್ತು. ಇವೆರಡರ ನಡುವೆ, ದಡ್ಡನೂ ಅಲ್ಲದ ಕವಿಯೂ ಅಲ್ಲದ ಒಬ್ಬ ಮನುಷ್ಯನಾಗಿ ಬದುಕಲು ಅವನಿಗೆ ಕಥೆಯಲ್ಲಿ ಜಾಗವಿಲ್ಲ.

ಆಟಿಸಂ ಕುರಿತು ಕಳೆದ ಮೂರೂವರೆ ದಶಕಗಳಲ್ಲಿ ಬಂದ ಸಿನಿಮಾ, ಧಾರಾವಾಹಿ, ಕಾದಂಬರಿ, ಪತ್ರಿಕಾ ಬರಹಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವುಗಳಲ್ಲಿ ಹೆಚ್ಚಿನವು ಈ ಹಳೆಯ ಕಥೆಯನ್ನೇ ಹೊಸ ಬಟ್ಟೆ ತೊಡಿಸಿ ಹೇಳುತ್ತಿವೆ ಎಂದು ನನಗೆ ಅನಿಸಿದೆ. ಮೊದಲು ಅನುಕಂಪ, ಅನಂತರ ಅಚ್ಚರಿ. ಆಟಿಸಂ ಇರುವ ವ್ಯಕ್ತಿಯಲ್ಲಿ ಏನಾದರೂ ಅಸಾಧಾರಣವಾದ ಪ್ರತಿಭೆ ಕಂಡರೆ ಮಾತ್ರ ಅವನನ್ನು ಒಳಗೆ ಬಿಟ್ಟುಕೊಳ್ಳುವ ಒಂದು ಸುಂಕದಕಟ್ಟೆಯನ್ನು ಈ ಕಥನಗಳು ಕಟ್ಟಿವೆ. ಸುಂಕದವನ ಮುಂದೆ ಸುಖದುಃಖ ಹೇಳಿದರೆ ಏನು ಪ್ರಯೋಜನ ಎಂಬುದು ಗಡಿಯಲ್ಲಿ ಬದುಕುವ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆಟಿಸಂನಲ್ಲಿ ನಿಜವಾಗಿಯೂ ಇರುವ ಶಕ್ತಿಗಳು ಯಾವುವು, ಮಾಧ್ಯಮಗಳು ಅವನ್ನು ಹೇಗೆ ತೋರಿಸಿವೆ, ಇವೆರಡರ ನಡುವಿನ ಅಂತರದಲ್ಲಿ ನಷ್ಟವಾಗುವುದು ಯಾರಿಗೆ ಎಂಬುದನ್ನು ಪರಿಶೀಲಿಸುವುದು ಈ ಬರಹದ ಉದ್ದೇಶ.

2

ಮೊದಲು ಹೆಸರಿನ ವಿಚಾರ. ಆಟಿಸಂ ಎಂಬ ಪದದ ಮೂಲದಲ್ಲಿರುವುದು ‘ತಾನು’ ಎಂಬ ಅರ್ಥದ ಗ್ರೀಕ್ ಶಬ್ದ. ಸ್ವಿಸ್ ಮನೋವೈದ್ಯ ಬ್ಲಾಯ್ಲರ್ 20ನೆಯ ಶತಮಾನದ ಆರಂಭದಲ್ಲಿ ಅದನ್ನು ಬಳಸಿದ್ದು ಬೇರೆಯೇ ಒಂದು ಕಾಯಿಲೆಯ ಲಕ್ಷಣವನ್ನು ಹೇಳಲು. 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ತಾನು ಕಂಡ 11 ಮಕ್ಕಳ ವಿವರಗಳನ್ನು ಪ್ರಕಟಿಸಿದ ಮೇಲೆ ಅದು ಇಂದಿನ ಅರ್ಥವನ್ನು ಪಡೆಯಿತು. ಕನ್ನಡದಲ್ಲಿ ನಾವು ಇದಕ್ಕೆ ‘ಸ್ವಲೀನತೆ’ ಎಂಬ ಪದವನ್ನು ಕಟ್ಟಿಕೊಂಡಿದ್ದೇವೆ. ತನ್ನಲ್ಲೇ ಲೀನನಾದವನು ಎಂದಾಗ ಒಬ್ಬ ಯೋಗಿಯ ಚಿತ್ರವೋ, ಲೋಕಕ್ಕೆ ಬಾಗಿಲು ಹಾಕಿಕೊಂಡವನ ಚಿತ್ರವೋ ಮೂಡುತ್ತದೆ. ಆದರೆ ಆಟಿಸಂ ಇರುವ ಅನೇಕರು ತಮ್ಮ ಅನುಭವವನ್ನು ಹೇಳುವುದು ಇದಕ್ಕೆ ತೀರ ವಿರುದ್ಧವಾಗಿ. ಲೋಕ ಅವರಿಗೆ ಕೇಳಿಸದೆ ಹೋಗುವುದಿಲ್ಲ, ಅತಿಯಾಗಿ ಕೇಳಿಸುತ್ತದೆ. ಮದುವೆ ಚಪ್ಪರದ ಧ್ವನಿವರ್ಧಕ, ಮಿಕ್ಸಿಯ ಸದ್ದು, ಟ್ಯೂಬ್‌ಲೈಟಿನ ಮಿನುಗು, ಹೊಸ ಅಂಗಿಯ ಹೊಲಿಗೆ ಎಲ್ಲವೂ ಏಕಕಾಲಕ್ಕೆ ಒಳನುಗ್ಗುತ್ತವೆ. ಕಿವಿ ಮುಚ್ಚಿಕೊಳ್ಳುವ ಮಗು ಲೋಕವನ್ನು ತಿರಸ್ಕರಿಸುತ್ತಿಲ್ಲ, ಲೋಕದ ಅತಿವೃಷ್ಟಿಯಿಂದ ತಲೆ ಕಾಯ್ದುಕೊಳ್ಳುತ್ತಿದೆ.

ಹೊರಗಿನಿಂದ ನೋಡಿ ಒಳಗನ್ನು ಊಹಿಸುವ ಈ ಅಭ್ಯಾಸದಿಂದ ದೊಡ್ಡ ಅನ್ಯಾಯಗಳಾಗಿವೆ. 1950 ಮತ್ತು 60ರ ದಶಕಗಳಲ್ಲಿ, ತಾಯಂದಿರ ಪ್ರೀತಿ ತಣ್ಣಗಾದುದರಿಂದಲೇ ಮಕ್ಕಳು ಹೀಗಾಗುತ್ತಾರೆಂದು ಪಾಶ್ಚಾತ್ಯ ತಜ್ಞರೇ ಬರೆದರು. ಬ್ರೂನೋ ಬೆಟಲ್‌ಹೈಮ್ 1967ರ ತಮ್ಮ ಗ್ರಂಥದಲ್ಲಿ ಇದನ್ನು ಸಿದ್ಧಾಂತವಾಗಿಯೇ ಮಂಡಿಸಿದರು. ಪತ್ರಿಕೆಗಳು ಅದನ್ನು ಮನೆಮನೆಗೆ ತಲುಪಿಸಿದವು. ಆಟಿಸಂ ಇರುವ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲೇ, ಇದು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ಸಂಗತಿ, ತಾಯಿಯ ತಪ್ಪಲ್ಲ ಎಂದು ಬರೆದಿದ್ದರೂ ಆ ಕಳಂಕ ಹೋಗಲು ದಶಕಗಳು ಬೇಕಾದವು. ಇಂದಿಗೂ ನಮ್ಮ ಊರುಗಳಲ್ಲಿ ‘ತಾಯಿ ಕೆಲಸಕ್ಕೆ ಹೋದದ್ದರಿಂದ’, ‘ಕೈಗೆ ಮೊಬೈಲ್ ಕೊಟ್ಟದ್ದರಿಂದ’ ಎಂಬ ಮಾತುಗಳು ಕೇಳಿಬರುತ್ತವೆ. ಹಳೆಯ ಆರೋಪಕ್ಕೆ ಹೊಸ ಸಾಕ್ಷಿ ಹುಡುಕಿದ್ದಾರೆ, ಅಷ್ಟೆ.

ಅನುಕಂಪದ ಚಿತ್ರದ ಬಗ್ಗೆ ಕಾಸರಗೋಡಿನವರಿಗೆ ಹೆಚ್ಚು ಹೇಳಬೇಕಾಗಿಲ್ಲ. 2000ದವರೆಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ನಮ್ಮದು. ಆಟಿಸಂನ ವಿಷಯ ಬೇರೆ, ಎಂಡೋಸಲ್ಫಾನಿನ ವಿಷಯ ಬೇರೆ. ಇವೆರಡನ್ನೂ ಬೆರೆಸಬಾರದು. ಆದರೆ ಅಂಗವೈಕಲ್ಯವನ್ನು ಕ್ಯಾಮೆರಾ ಹೇಗೆ ನೋಡುತ್ತದೆ ಎಂಬುದನ್ನು ನಾವು ಕಲಿತದ್ದು ಅಲ್ಲಿಂದಲೇ. ಎಣ್ಮಕಜೆಯ ಮಕ್ಕಳ ಛಾಯಾಚಿತ್ರಗಳು ಲೋಕದ ಕಣ್ಣು ತೆರೆಸಿದವು, ನ್ಯಾಯದ ಹೋರಾಟಕ್ಕೆ ಬಲ ಕೊಟ್ಟವು. ಆ ಉಪಕಾರವನ್ನು ಮರೆಯಬಾರದು. ಅದೇ ಹೊತ್ತಿಗೆ ಆ ಮಕ್ಕಳಿಗೆ ಇಷ್ಟದ ತಿಂಡಿ ಯಾವುದು, ಅವರು ಯಾವುದಕ್ಕೆ ನಗುತ್ತಾರೆ ಎಂಬುದು ಯಾವ ಚಿತ್ರದಡಿಯ ಬರಹದಲ್ಲೂ ಬರುವುದು ಅಪರೂಪವಾಗಿತ್ತು. ಕರುಣೆ ಒಂದು ಚೌಕಟ್ಟು. ಚೌಕಟ್ಟಿನೊಳಗೆ ಮನುಷ್ಯ ಅಲುಗಾಡುವಂತಿಲ್ಲ. ಬೆರಗಿನ ಚಿತ್ರ ಈ ಚೌಕಟ್ಟನ್ನು ಒಡೆಯುತ್ತದೆ ಎಂದು ಕೆಲವರ ವಾದ. ನಿಜವಾಗಿ ಅದು ಒಡೆಯುತ್ತದೆಯೆ, ಇಲ್ಲ ಇನ್ನೊಂದು ಚೌಕಟ್ಟನ್ನು ಹಾಕುತ್ತದೆಯೆ?

3

ಬೆರಗಿನ ಚಿತ್ರಕ್ಕೆ ಮೂಲಪ್ರತಿಯೆಂದರೆ 1988ರ ‘ರೈನ್ ಮ್ಯಾನ್’. ಬ್ಯಾರಿ ಲೆವಿನ್‌ಸನ್ ನಿರ್ದೇಶಿಸಿದ ಈ ಚಿತ್ರ ಅತ್ಯುತ್ತಮ ಚಿತ್ರ, ನಿರ್ದೇಶನ, ನಟ, ಮೂಲ ಚಿತ್ರಕಥೆ ಎಂಬ ನಾಲ್ಕು ಆಸ್ಕರ್‌ಗಳನ್ನು ಪಡೆಯಿತು. ಡಸ್ಟಿನ್ ಹಾಫ್‌ಮನ್ ಅಭಿನಯಿಸಿದ ರೇಮಂಡ್ ಬ್ಯಾಬಿಟ್ ನೆಲಕ್ಕೆ ಚೆಲ್ಲಿದ ಹಲ್ಲುಕಡ್ಡಿಗಳನ್ನು ಒಂದೇ ನೋಟಕ್ಕೆ 246 ಎಂದು ಎಣಿಸುತ್ತಾನೆ. ಲಾಸ್ ವೇಗಸ್‌ನಲ್ಲಿ ಇಸ್ಪೀಟಿನ ಎಲೆಗಳನ್ನು ನೆನಪಿಟ್ಟು ತಮ್ಮ ಚಾರ್ಲಿಗೆ ಹಣ ಗೆದ್ದುಕೊಡುತ್ತಾನೆ. ಅದಕ್ಕೆ ಮೊದಲು ಆಟಿಸಂ ಎಂಬ ಹೆಸರನ್ನೇ ಕೇಳದಿದ್ದ ಕೋಟ್ಯಂತರ ಜನರಿಗೆ ಆ ಹೆಸರನ್ನು ಪರಿಚಯಿಸಿದ ಶ್ರೇಯಸ್ಸು ಈ ಚಿತ್ರಕ್ಕೆ ಸಲ್ಲಬೇಕು.

ಆದರೆ ಚಿತ್ರದ ರಚನೆಯನ್ನು ಗಮನಿಸಿ. ಬದಲಾಗುವವನು ಚಾರ್ಲಿ. ದುರಾಸೆಯ ಕಾರು ವ್ಯಾಪಾರಿಯಾಗಿದ್ದವನು ಅಣ್ಣನ ಸಹವಾಸದಿಂದ ಮನುಷ್ಯನಾಗುತ್ತಾನೆ. ಕೊನೆಯಲ್ಲಿ ರೇಮಂಡ್ ರೈಲು ಹತ್ತಿ ತಾನು ಬಂದಿದ್ದ ಸಂಸ್ಥೆಗೇ ಹಿಂದಿರುಗುತ್ತಾನೆ. ಅಣ್ಣನ ಪ್ರತಿಭೆ ತಮ್ಮನ ಜೇಬಿಗೆ, ಅಣ್ಣನ ಮುಗ್ಧತೆ ತಮ್ಮನ ಆತ್ಮೋದ್ಧಾರಕ್ಕೆ. ರೇಮಂಡನ ಪಾಲಿಗೆ ಏನು ಉಳಿಯಿತು ಎಂದು ಚಿತ್ರ ಗಟ್ಟಿಯಾಗಿ ಕೇಳುವುದಿಲ್ಲ.

ವಿಚಿತ್ರವೆಂದರೆ ಇದೇ ಚಿತ್ರದಲ್ಲಿ ರೇಮಂಡನ ನೆನಪಿನ ಶಕ್ತಿಯನ್ನು ಬೇರೊಂದು ಬೆಳಕಿನಲ್ಲಿ ತೋರಿಸುವ ಒಂದು ದೃಶ್ಯವಿದೆ. ಸ್ನಾನದ ತೊಟ್ಟಿಗೆ ಬಿಸಿನೀರು ಬೀಳುವುದನ್ನು ಕಂಡು ಆತ ಭಯದಿಂದ ಕಿರುಚುತ್ತಾನೆ. ಹಸುಗೂಸಾಗಿದ್ದ ತಮ್ಮನಿಗೆ ಬಿಸಿನೀರಿನಿಂದ ಅಪಾಯವಾಗಬಹುದೆಂದು ತನ್ನನ್ನು ಮನೆಯಿಂದ ಕಳಿಸಿದ ಕಾಲವನ್ನು ಅವನ ದೇಹ ಮರೆತಿಲ್ಲ. ತಾನು ಬಾಲ್ಯದಲ್ಲಿ ಕಂಡಿದ್ದ ಕನಸಿನ ಗೆಳೆಯ ‘ರೈನ್ ಮ್ಯಾನ್’ ಬೇರಾರೂ ಅಲ್ಲ, ತೊದಲು ನಾಲಿಗೆಯಲ್ಲಿ ತಾನು ಕರೆದ ರೇಮಂಡನೇ ಎಂದು ಚಾರ್ಲಿಗೆ ಗೊತ್ತಾಗುವುದು ಆಗಲೇ. ಇಲ್ಲಿ ನೆನಪು ಒಂದು ಚಮತ್ಕಾರವಲ್ಲ, ಅದು ಪ್ರೀತಿಯ ದಾಖಲೆ. ದಶಕಗಳ ಕಾಲ ಒಬ್ಬ ತಮ್ಮನನ್ನು ಇಡಿಯಾಗಿ ಕಾಪಾಡಿಕೊಂಡು ಬಂದ ಶಕ್ತಿ. ಪ್ರೇಕ್ಷಕರು ಮಾತ್ರ ಹಲ್ಲುಕಡ್ಡಿಗಳನ್ನು ನೆನಪಿಟ್ಟುಕೊಂಡು ಬಿಸಿನೀರನ್ನು ಮರೆತರು. ತಪ್ಪು ಪೂರ್ತಿ ಚಿತ್ರದ್ದಲ್ಲ, ನಮಗೆ ಬೇಕಾದುದನ್ನೇ ನಾವು ಆರಿಸಿಕೊಂಡೆವು.

ಇನ್ನೊಂದು ವ್ಯಂಗ್ಯವೂ ಇದೆ. ಚಿತ್ರಕಥೆಗಾರ ಬ್ಯಾರಿ ಮಾರೋ ಅವರಿಗೆ ಸ್ಫೂರ್ತಿಯಾದ ಕಿಮ್ ಪೀಕ್ ಎಂಬ ಅಸಾಧಾರಣ ನೆನಪಿನ ವ್ಯಕ್ತಿಗೆ ಆಟಿಸಂ ಇರಲಿಲ್ಲವೆಂದೇ ಮುಂದೆ ವೈದ್ಯರು ಅಭಿಪ್ರಾಯಪಟ್ಟರು. ಅವರ ಮೆದುಳಿನ ಎಡ, ಬಲ ಭಾಗಗಳನ್ನು ಜೋಡಿಸುವ ನರಸೇತುವೆಯೇ ಇರಲಿಲ್ಲ. ಲೋಕ ಆಟಿಸಂ ಎಂದು ನಂಬಿದ ಪ್ರತಿಮೆಯ ಮೂಲವ್ಯಕ್ತಿಯೇ ಬೇರೆ ಜಾತಿಯವನು. ಇಂಥ ವಿಶೇಷ ಸಾಮರ್ಥ್ಯಗಳು ಆಟಿಸಂ ಇರುವವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇರಬಹುದು ಎಂಬುದು ಬಹುಕಾಲದಿಂದ ಹೇಳಲಾಗುವ ಅಂದಾಜು. ಅಳತೆಗೋಲು ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಹೇಗೆ ಎಣಿಸಿದರೂ ಹಲ್ಲುಕಡ್ಡಿ ಎಣಿಸಲಾಗದವರ ಸಂಖ್ಯೆಯೇ ದೊಡ್ಡದು. ‘ನಿಮ್ಮ ಮಗನಿಗೆ ಏನು ವಿಶೇಷ ಪ್ರತಿಭೆಯಿದೆ?’ ಎಂದು ನೆಂಟರು ಕೇಳುವಾಗ ಉತ್ತರವಿಲ್ಲದೆ ತಲೆತಗ್ಗಿಸುವ ತಾಯಿ ಈ ಚಿತ್ರದ ಸುಂಕವನ್ನು ತೆರುತ್ತಿದ್ದಾಳೆ.

4

ಹಾಗಾದರೆ ಆಟಿಸಂನಲ್ಲಿ ಶಕ್ತಿಗಳೇ ಇಲ್ಲವೆ? ಇವೆ. ಅವು ಪವಾಡಗಳಲ್ಲ, ಗ್ರಹಿಸುವ ಒಂದು ಕ್ರಮ. 1983ರಲ್ಲಿ ಲಂಡನ್ನಿನ ಅಮಿತಾ ಶಾ ಮತ್ತು ಉಟಾ ಫ್ರಿತ್, ದೊಡ್ಡ ಚಿತ್ರದೊಳಗೆ ಅಡಗಿದ ಸಣ್ಣ ಆಕೃತಿಯನ್ನು ಹುಡುಕುವ ಪರೀಕ್ಷೆಯಲ್ಲಿ ಆಟಿಸಂ ಇರುವ ಮಕ್ಕಳು ಚೆನ್ನಾಗಿ ಮುಂದಿರುವುದನ್ನು ತೋರಿಸಿದರು. ನಾವು ಕಾಡನ್ನು ಕಾಣುವಾಗ ಅವರು ಮರವನ್ನು, ಮರದ ಎಲೆಯನ್ನು, ಎಲೆಯ ನರವನ್ನು ಕಾಣಬಲ್ಲರು. ಇದನ್ನು ಮೊದಲು ‘ಒಟ್ಟಂದವನ್ನು ಕಾಣಲಾಗದ ಕೊರತೆ’ ಎಂದು ವಿವರಿಸಲಾಯಿತು. ಕೆನಡಾದ ಲೋರಾಂ ಮೊಟ್ರೋನ್ ಮತ್ತು ಅವರೊಂದಿಗೆ ಕೆಲಸ ಮಾಡುವ, ಸ್ವತಃ ಆಟಿಸಂ ಇರುವ ಸಂಶೋಧಕಿ ಮಿಶೆಲ್ ಡಾಸನ್ ಇದನ್ನು ತಿರುಗಿಸಿ ನೋಡಿದರು. ಅದು ಕೊರತೆಯೇ ಆಗಬೇಕೇಕೆ, ಬೇರೆಯೇ ಒಂದು ಬಲವಾಗಬಾರದೇಕೆ? 2007ರಲ್ಲಿ ಅವರ ತಂಡ 38 ಮಕ್ಕಳಿಗೆ ಎರಡು ಬಗೆಯ ಬುದ್ಧಿಪರೀಕ್ಷೆ ಕೊಟ್ಟಿತು. ಮಾತನ್ನು ಹೆಚ್ಚು ಅವಲಂಬಿಸುವ ಪರೀಕ್ಷೆಯಲ್ಲಿ ಕೆಳಗಿದ್ದ ಮಕ್ಕಳು, ವಿನ್ಯಾಸಗಳ ತರ್ಕವನ್ನು ಅಳೆಯುವ ರೇವನ್ ಪರೀಕ್ಷೆಯಲ್ಲಿ ಸರಾಸರಿ 30 ಶತಾಂಶ ಸ್ಥಾನಗಳಷ್ಟು ಮೇಲೇರಿದರು. ಮಕ್ಕಳು ಬದಲಾಗಲಿಲ್ಲ, ಕೇಳುವ ರೀತಿ ಬದಲಾಯಿತು.

ಜಾನುವಾರುಗಳ ಕುರಿತು ಕೆಲಸ ಮಾಡಿದ ಅಮೆರಿಕದ ವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಈ ಮಾತಿಗೆ ಒಳ್ಳೆಯ ನಿದರ್ಶನ. 1947ರಲ್ಲಿ ಹುಟ್ಟಿದ, ಎಳವೆಯಲ್ಲಿ ತಡವಾಗಿ ಮಾತು ಕಲಿತ ಆಕೆ 1986ರಲ್ಲಿ ಆತ್ಮಕಥನ ಬರೆದರು, 1995ರ ಇನ್ನೊಂದು ಪುಸ್ತಕದಲ್ಲಿ ತಾನು ಪದಗಳಲ್ಲಲ್ಲ, ಚಿತ್ರಗಳಲ್ಲಿ ಆಲೋಚಿಸುತ್ತೇನೆ ಎಂದು ವಿವರಿಸಿದರು. ದೊಡ್ಡಿಯ ದಾರಿಯಲ್ಲಿ ದನಗಳು ಏಕೆ ತಟ್ಟನೆ ನಿಲ್ಲುತ್ತವೆ ಎಂದು ಯಾರಿಗೂ ತಿಳಿಯದಿದ್ದಾಗ ಆಕೆ ದನಗಳ ಕಣ್ಣೆತ್ತರಕ್ಕೆ ಬಗ್ಗಿ ನಡೆದು ನೋಡಿದರು. ತೂಗಾಡುವ ಒಂದು ಸರಪಳಿ, ಬೇಲಿಗೆ ನೇತುಹಾಕಿದ ಒಂದು ಅಂಗಿ, ನೆಲದ ಮೇಲೆ ಬಿದ್ದ ಒಂದು ನೆರಳು ಸಾಕು, ದನ ಹೆದರುತ್ತದೆ. ಉಳಿದವರು ಕಾಣದ ಈ ವಿವರವನ್ನು ಆಕೆ ಕಂಡದ್ದು ಕಷ್ಟಪಟ್ಟಲ್ಲ, ಅವರ ಕಣ್ಣೇ ಹಾಗೆ. ಕ್ಲೇರ್ ಡೇನ್ಸ್ ಅಭಿನಯಿಸಿದ 2010ರ ‘ಟೆಂಪಲ್ ಗ್ರ್ಯಾಂಡಿನ್’ ಚಿತ್ರದ ಹೆಚ್ಚುಗಾರಿಕೆಯಿರುವುದು ಇಲ್ಲಿ. ಅದು ಪ್ರತಿಭೆಯನ್ನು ಪ್ರದರ್ಶಿಸುವುದಿಲ್ಲ, ಪ್ರತಿಭೆ ಕೆಲಸ ಮಾಡುವ ಬಗೆಯನ್ನು ತೆರೆಯ ಮೇಲೆ ಚಿತ್ರಗಳಾಗಿ ಬಿಡಿಸಿಡುತ್ತದೆ. ಅದೇ ಕಣ್ಣಿನಿಂದಾಗಿ ಆಕೆಗೆ ಆಗುವ ಸಂಕಟವನ್ನೂ ಮರೆಮಾಚುವುದಿಲ್ಲ. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಆಟಿಸಂ ಇರುವವರೆಲ್ಲ ಚಿತ್ರಗಳಲ್ಲೇ ಆಲೋಚಿಸುತ್ತಾರೆಂಬ ತನ್ನ ಹಳೆಯ ಮಾತನ್ನು ಗ್ರ್ಯಾಂಡಿನ್ ತಾವೇ ಮುಂದೆ ತಿದ್ದಿದರು. ವಿನ್ಯಾಸಗಳಲ್ಲಿ ಆಲೋಚಿಸುವವರಿದ್ದಾರೆ, ಪದಗಳಲ್ಲಿ ಆಲೋಚಿಸುವವರೂ ಇದ್ದಾರೆ.

ಸಹಾನುಭೂತಿ ಇಲ್ಲವೆಂಬ ಆರೋಪಕ್ಕೂ ಇಂಥದೇ ತಿರುವು ಬಂದಿದೆ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ, ಸ್ವತಃ ಆಟಿಸಂ ಇರುವ ಡೇಮಿಯನ್ ಮಿಲ್ಟನ್ 2012ರಲ್ಲಿ, ಅರ್ಥವಾಗದಿರುವಿಕೆ ಎರಡೂ ಕಡೆ ಇದೆ ಎಂದು ವಾದಿಸಿದರು. 2020ರಲ್ಲಿ ಎಡಿನ್‌ಬರೋದ ಸಂಶೋಧಕರು ಒಬ್ಬರಿಂದ ಒಬ್ಬರಿಗೆ ಕಥೆ ದಾಟಿಸುವ ಪ್ರಯೋಗ ಮಾಡಿದಾಗ, ಆಟಿಸಂ ಇರುವವರ ಸಾಲಿನಲ್ಲಿ ಕಥೆ ಇತರರ ಸಾಲಿನಷ್ಟೇ ಚೆನ್ನಾಗಿ ಉಳಿಯಿತು. ಕೆಟ್ಟದ್ದು ಇಬ್ಬರನ್ನೂ ಬೆರೆಸಿದ ಸಾಲಿನಲ್ಲಿ. ಗಡಿನಾಡಿನ ನಮಗೆ ಇದು ಸುಲಭವಾಗಿ ಅರ್ಥವಾಗಬೇಕು. ಕಚೇರಿಯ ಕಿಟಕಿಯಲ್ಲಿ ಕನ್ನಡದ ಅಜ್ಜಿ ಮತ್ತು ಮಲಯಾಳದ ಗುಮಾಸ್ತ ಪರಸ್ಪರ ಅರ್ಥವಾಗದೆ ನಿಂತಾಗ ಭಾಷೆ ಬಾರದವರು ಇಬ್ಬರೂ ಹೌದು. ಆದರೆ ‘ಏನೂ ತಿಳಿಯದವಳು’ ಎಂಬ ಹಣೆಪಟ್ಟಿ ಬೀಳುವುದು ಕಿಟಕಿಯ ಹೊರಗೆ ನಿಂತವಳಿಗೆ.

5

ಈ ಹಿನ್ನೆಲೆಯಲ್ಲಿ ನಮ್ಮ ಪರದೆಯ ಕಡೆ ಬರೋಣ. 2010ರ ಹಿಂದಿ ಚಿತ್ರ ‘ಮೈ ನೇಮ್ ಈಸ್ ಖಾನ್’ನ ರಿಜ್ವಾನ್ ಖಾನ್ ಮಾತನ್ನು ಅಕ್ಷರಶಃ ಅರ್ಥಮಾಡಿಕೊಳ್ಳುವವನು, ಕೆಟ್ಟ ಯಂತ್ರಗಳನ್ನು ರಿಪೇರಿ ಮಾಡುವವನು. ಲೋಕದಲ್ಲಿರುವುದು ಒಳ್ಳೆಯವರು ಮತ್ತು ಕೆಟ್ಟವರು ಎಂಬ ಎರಡೇ ಜಾತಿ ಎಂದು ತಾಯಿ ಕಲಿಸಿದ್ದನ್ನು ಆತ ಅಕ್ಷರಶಃ ನಂಬಿ ನಡೆಯುತ್ತಾನೆ. ಆಟಿಸಂನ ಒಂದು ನಿಜವಾದ ಗುಣವನ್ನು, ಅಂದರೆ ಒಪ್ಪಿದ ನಿಯಮವನ್ನು ಸಮಯಸಾಧಕತನವಿಲ್ಲದೆ ಪಾಲಿಸುವ ನೇರತನವನ್ನು, ನೈತಿಕ ಶಕ್ತಿಯಾಗಿ ಕಂಡದ್ದು ಈ ಚಿತ್ರದ ಒಳನೋಟ. ಆದರೆ ದ್ವಿತೀಯಾರ್ಧದಲ್ಲಿ ರಿಜ್ವಾನ್ ಮನುಷ್ಯನಾಗಿ ಉಳಿಯದೆ ಸಂತನಾಗುತ್ತಾನೆ, ನೆರೆಯಲ್ಲಿ ಮುಳುಗಿದ ಊರನ್ನು ಕಾಯುತ್ತಾನೆ. ಸಂತನಿಗೆ ಸಿಟ್ಟು, ಸ್ವಾರ್ಥ, ಸೋಮಾರಿತನ ಇರುವಂತಿಲ್ಲ. ಅವನಿಗೆ ನೆರೆಹೊರೆಯವನಾಗುವ ಹಕ್ಕೂ ಇಲ್ಲ.

2012ರ ‘ಬರ್ಫಿ’ಯಲ್ಲಿ ಪ್ರಿಯಾಂಕಾ ಚೋಪ್ರಾ ಅಭಿನಯಿಸಿದ ಝಿಲ್‌ಮಿಲ್‌ಗೆ ಯಾವ ಅದ್ಭುತ ಪ್ರತಿಭೆಯೂ ಇಲ್ಲ. ಅವಳನ್ನು ಪ್ರೀತಿಸಲು ಅದು ಬೇಕಾಗಿಯೂ ಇಲ್ಲ. ಅಭಿನಯದಲ್ಲಿ ಕೆಲವೆಡೆ ಮಗುತನದ ಸಕ್ಕರೆ ಹೆಚ್ಚಾಗಿದೆ ಎಂಬ ಆಕ್ಷೇಪವನ್ನು ಒಪ್ಪುತ್ತಲೇ, ಸುಂಕ ಕೇಳದ ಅಪರೂಪದ ಕಥೆಯೆಂದು ಇದನ್ನು ನಾನು ಮೆಚ್ಚುತ್ತೇನೆ. 2013ರ ತಮಿಳಿನ ‘ಹರಿದಾಸ್’ನಲ್ಲಿ ಕನ್ನಡದ ನಟ ಕಿಶೋರ್ ಆಟಿಸಂ ಇರುವ ಹುಡುಗನ ತಂದೆಯಾಗಿ, ಪೊಲೀಸ್ ಅಧಿಕಾರಿಯಾಗಿ ಅಭಿನಯಿಸಿದ್ದಾರೆ. ಆ ಹುಡುಗನಿಗೂ ಕೊನೆಗೆ ಓಟದ ಪ್ರತಿಭೆಯೊಂದನ್ನು ಕೊಡಲಾಗಿದೆಯಾದರೂ, ಚಿತ್ರದ ಜೀವ ಇರುವುದು ಬಂದೂಕು ಹಿಡಿದ ಗಂಡಸೊಬ್ಬ ಮಗನ ವೇಗಕ್ಕೆ ತನ್ನ ಹೆಜ್ಜೆಯನ್ನು ಹೊಂದಿಸಿಕೊಳ್ಳಲು ಕಲಿಯುವ ಭಾಗದಲ್ಲಿ.

2019ರ ಮಲಯಾಳ ಚಿತ್ರ ‘ಅದಿರನ್’ ಇದಕ್ಕೆ ತದ್ವಿರುದ್ಧ. ಸಾಯಿ ಪಲ್ಲವಿ ಅಭಿನಯಿಸಿದ ನಿತ್ಯಾಳಿಗೆ ಆಟಿಸಂ ಇದೆ, ಮಾತಿಲ್ಲ, ಆದರೆ ಕಳರಿಪಯಟ್ಟಿನಲ್ಲಿ ಅಸಾಮಾನ್ಯ ಪಳಗುವಿಕೆಯಿದೆ. ಸಾಯಿ ಪಲ್ಲವಿಯ ದೇಹಭಾಷೆಯ ಶ್ರಮವನ್ನು ಯಾರೂ ಅಲ್ಲಗಳೆಯಲಾರರು. ತೊಂದರೆಯಿರುವುದು ಆ ವಿದ್ಯೆಯನ್ನು ಚಿತ್ರ ಬಳಸಿಕೊಳ್ಳುವ ಕ್ರಮದಲ್ಲಿ. ಬೇಲಿ ಹಾಕಿದ ಬಂಗಲೆ, ಗುಟ್ಟು, ಭಯ, ಇವುಗಳ ನಡುವೆ ಆಕೆಯ ಆಟಿಸಂ ಒಂದು ರಹಸ್ಯದ ಬೀಗವಾಗುತ್ತದೆ, ಕಳರಿ ಆ ಬೀಗದ ಕೀಲಿಕೈ. ಕಳರಿಯ ಚುವಡುಗಳನ್ನು ದಿನವೂ ಅದೇ ಕ್ರಮದಲ್ಲಿ, ಅದೇ ಲಯದಲ್ಲಿ ಪುನರಾವರ್ತಿಸುವುದು ಆಟಿಸಂ ಇರುವ ಹೆಣ್ಣೊಬ್ಬಳಿಗೆ ಎಂಥ ನೆಮ್ಮದಿ ಕೊಡಬಹುದು ಎಂಬ ಸುಂದರವಾದ ಸಾಧ್ಯತೆ ಚಿತ್ರದ ಕೈಯಲ್ಲೇ ಇತ್ತು. ಅದು ಕೈಗೆತ್ತಿಕೊಂಡದ್ದು ಹೊಡೆದಾಟವನ್ನು. 2025ರ ‘ಸಿತಾರೆ ಜಮೀನ್ ಪರ್’ ನರಬೆಳವಣಿಗೆಯ ಭಿನ್ನತೆಯಿರುವ ಹತ್ತು ಮಂದಿಯನ್ನೇ ನಟರನ್ನಾಗಿ ತಂದು ದೊಡ್ಡ ಹೆಜ್ಜೆಯಿಟ್ಟಿತು. ಆದರೂ ಕಥೆ ತಿದ್ದಿಕೊಳ್ಳುವ ತರಬೇತುದಾರನದ್ದೇ. ಚಾರ್ಲಿ ಬ್ಯಾಬಿಟ್ ಇನ್ನೂ ನಿವೃತ್ತನಾಗಿಲ್ಲ.

6

ಪುಸ್ತಕಗಳಲ್ಲಿ ಪರಿಸ್ಥಿತಿ ಸ್ವಲ್ಪ ಭಿನ್ನ. ಮಾರ್ಕ್ ಹ್ಯಾಡನ್ ಅವರ 2003ರ ಇಂಗ್ಲಿಷ್ ಕಾದಂಬರಿ ‘ದಿ ಕ್ಯೂರಿಯಸ್ ಇನ್ಸಿಡೆಂಟ್ ಆಫ್ ದ ಡಾಗ್ ಇನ್ ದ ನೈಟ್‌ಟೈಮ್’ನಲ್ಲಿ ಕಥೆ ಹೇಳುವವನು ಹದಿನೈದರ ಹುಡುಗ ಕ್ರಿಸ್ಟಫರ್. ಅಧ್ಯಾಯಗಳಿಗೆ ಅವಿಭಾಜ್ಯ ಸಂಖ್ಯೆಗಳನ್ನೇ ಕೊಡುವ, ಸುಳ್ಳು ಹೇಳಲಾರದ ಅವನ ಕಣ್ಣಿನಿಂದ ದೊಡ್ಡವರ ಸುಳ್ಳುಗಳು ಒಂದೊಂದಾಗಿ ಬಯಲಾಗುತ್ತವೆ. ಗ್ರಹಿಕೆಯ ಕ್ರಮವೇ ಕಾದಂಬರಿಯ ಕ್ರಮವಾಗಿರುವುದು ಇದರ ಯಶಸ್ಸು. ಇತಿಮಿತಿಯೆಂದರೆ ಗಣಿತ. ಇಲ್ಲಿಯೂ ಸುಂಕ ಪಾವತಿಯಾಗಿದೆ.

ಇದರ ಪಕ್ಕದಲ್ಲಿ ಇಟ್ಟು ಓದಬೇಕಾದವನು ಟಿಟೊ ರಾಜರ್ಷಿ ಮುಖೋಪಾಧ್ಯಾಯ. 1989ರಲ್ಲಿ ಹುಟ್ಟಿದ ಈ ಬಂಗಾಳಿ ಹುಡುಗ ಬೆಳೆದದ್ದು ಮೈಸೂರು, ಬೆಂಗಳೂರುಗಳಲ್ಲಿ. ಮಾತು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ತಾಯಿ ಸೋಮಾ ಹಟ ಹಿಡಿದು ಅಕ್ಷರ ಕಲಿಸಿದರು. ಅವನು ಎಳೆಯ ವಯಸ್ಸಿನಲ್ಲಿ ಬರೆದ ಬರಹಗಳು 2000ದಲ್ಲಿ ‘ಬಿಯಾಂಡ್ ದ ಸೈಲೆನ್ಸ್’ ಎಂಬ ಪುಸ್ತಕವಾಗಿ ಬ್ರಿಟನ್ನಿನಲ್ಲಿ ಪ್ರಕಟವಾದವು. ಮುಂದೆ ಅಮೆರಿಕದಲ್ಲಿ ‘ದ ಮೈಂಡ್ ಟ್ರೀ’ ಎಂಬ ಹೆಸರಿನಲ್ಲಿ ಬಂದವು. ತಾಯಿಯ ವಿಧಾನವನ್ನು ಬೇರೆ ಮಕ್ಕಳಿಗೆ ಅನ್ವಯಿಸಿದಾಗ, ಅಕ್ಷರಫಲಕ ಹಿಡಿದುಕೊಂಡವರ ಮಾತೇ ಮಗುವಿನ ಮಾತಾಗಿ ಬರುತ್ತಿದೆಯೆ ಎಂಬ ಪ್ರಶ್ನೆಯನ್ನು ತಜ್ಞರು ಎತ್ತಿದ್ದಾರೆ. 2018ರಲ್ಲಿ ಅಮೆರಿಕದ ವಾಕ್‌ಚಿಕಿತ್ಸಕರ ಸಂಘ ಆ ವಿಧಾನವನ್ನು ಶಿಫಾರಸು ಮಾಡುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿತು. ಆ ಪ್ರಶ್ನೆ ನ್ಯಾಯವಾದುದು, ಮಕ್ಕಳ ಹಿತಕ್ಕಾಗಿಯೇ ಕೇಳಬೇಕಾದುದು. ಟಿಟೊ ಮಾತ್ರ ತನ್ನ ಕೈಯಿಂದ ತಾನೇ ಬರೆಯುವವನೆಂದು ಹೆಸರಾದವನು.

ಅವನ ಬರಹದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಪ್ರತಿಭೆಯ ಪ್ರದರ್ಶನವಲ್ಲ. ತನ್ನಲ್ಲಿ ಆಲೋಚಿಸುವ ಒಬ್ಬನೂ ವರ್ತಿಸುವ ಒಬ್ಬನೂ ಬೇರೆಬೇರೆಯಾಗಿ ಇದ್ದಾರೆ, ಇಬ್ಬರೂ ಒಬ್ಬರ ಮಾತನ್ನೊಬ್ಬರು ಕೇಳುವುದಿಲ್ಲ ಎಂದು ಅವನು ತೋಡಿಕೊಳ್ಳುತ್ತಾನೆ. ಚದುರಿಹೋದಂತಿರುವ ದೇಹವನ್ನು ಒಂದೆಡೆ ಕೂಡಿಸಿಕೊಳ್ಳಲು ಕೈ ಬೀಸಬೇಕಾಗುತ್ತದೆ ಎನ್ನುತ್ತಾನೆ. ಮನಸ್ಸಿದ್ದೂ ಬಾಯಿಯಿಲ್ಲದ ಒಂದು ಮರದ ಪ್ರತಿಮೆ ಅವನದು. ಮಾತಿಲ್ಲದ ಮಗು ಎಂದರೆ ಮನಸ್ಸಿಲ್ಲದ ಮಗು ಎಂಬ ನಮ್ಮ ಲೆಕ್ಕವನ್ನು ಮೈಸೂರಿನ ಈ ಹುಡುಗ ಕೆಡಿಸಿಹಾಕಿದ. ಇಲ್ಲಿಯೂ ಪತ್ರಿಕೆಗಳಿಗೆ ಕಂಡದ್ದು ‘ಅದ್ಭುತ ಬಾಲಕ’ನೇ. ಅವನು ಏನು ಬರೆದಿದ್ದಾನೆ ಎಂಬುದಕ್ಕಿಂತ ಅವನು ಬರೆಯಬಲ್ಲ ಎಂಬುದೇ ಸುದ್ದಿಯಾಯಿತು. ಲೇಖಕನಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನಾವುದಿದೆ? ಕನ್ನಡ ನಾಡಿನಲ್ಲಿ ರೂಪುಗೊಂಡ ಈ ಬರಹಗಾರನನ್ನು ಸಾಹಿತ್ಯವಾಗಿ ಓದುವ ಸಾಲ ನಮ್ಮ ಮೇಲೆ ಇನ್ನೂ ಇದೆ.

7

ಶಕ್ತಿಗಳನ್ನು ಹೊಗಳುವುದರಲ್ಲಿ ಏನು ತಪ್ಪು, ಅದರಿಂದ ಮಕ್ಕಳಿಗೆ ಒಳ್ಳೆಯದೇ ಆಗುವುದಲ್ಲವೆ ಎಂದು ಕೇಳುವವರಿಗೆ ಚರಿತ್ರೆ ಒಂದು ಕಹಿಯಾದ ಉತ್ತರ ಕೊಡುತ್ತದೆ. ವಿಯೆನ್ನಾದ ವೈದ್ಯ ಹಾನ್ಸ್ ಆಸ್ಪರ್ಗರ್ 1944ರಲ್ಲಿ ತನ್ನ ಬಳಿಯಿದ್ದ ಕೆಲವು ಹುಡುಗರ ತೀಕ್ಷ್ಣ ಬುದ್ಧಿಯನ್ನು ಮೆಚ್ಚಿ ಬರೆದ. ಇಂಥವರು ಸಮಾಜಕ್ಕೆ ಉಪಯುಕ್ತರಾಗಬಲ್ಲರೆಂದು ವಾದಿಸಿದ. 1981ರಲ್ಲಿ ಲೋರ್ನಾ ವಿಂಗ್ ಆ ಲೇಖನವನ್ನು ಲೋಕದ ಗಮನಕ್ಕೆ ತಂದ ಮೇಲೆ ಅವನ ಹೆಸರು ಒಂದು ಬಗೆಯ ಆಟಿಸಂಗೇ ಅಂಟಿಕೊಂಡಿತು. ಮಕ್ಕಳನ್ನು ನಾಜಿಗಳಿಂದ ಕಾಪಾಡಿದ ಕರುಣಾಳು ಎಂಬ ಕೀರ್ತಿಯೂ ಬಂತು. ಆದರೆ 2018ರಲ್ಲಿ ಇತಿಹಾಸಕಾರ ಹೆರ್ವಿಗ್ ಚೆಕ್ ಆ ಕಾಲದ ಕಡತಗಳನ್ನು ಪ್ರಕಟಿಸಿದಾಗ ಬೇರೆ ಚಿತ್ರ ಹೊರಬಂತು. ಉಪಯೋಗವಿಲ್ಲವೆಂದು ಕಂಡ ಮಕ್ಕಳಲ್ಲಿ ಕೆಲವರನ್ನು ಅದೇ ಆಸ್ಪರ್ಗರ್ ಆಮ್ ಶ್ಪೀಗೆಲ್‌ಗ್ರುಂಡ್ ಎಂಬಲ್ಲಿಗೆ ಕಳಿಸಿದ್ದ. ಆ ಚಿಕಿತ್ಸಾಲಯದಲ್ಲಿ ಸುಮಾರು 800 ಮಕ್ಕಳು ಸತ್ತರು. ಒಂದೇ ಲೇಖನಿ ಕೆಲವರಿಗೆ ಪ್ರಶಂಸಾಪತ್ರ ಬರೆಯಿತು, ಕೆಲವರಿಗೆ ಮರಣದ ದಾರಿ ಬರೆಯಿತು. ಪ್ರತಿಭೆಯ ಸುಂಕದಕಟ್ಟೆಯ ಕೊನೆಯ ತುದಿ ಇದು.

ನಮ್ಮ ಹುಡುಗ ಹುಡುಗಿಯರು ಆಸೆಯಿಂದ ನೋಡಿದ 2022ರ ಕೊರಿಯಾದ ಧಾರಾವಾಹಿ ‘ಎಕ್ಸ್‌ಟ್ರಾರ್ಡಿನರಿ ಅಟಾರ್ನಿ ವೂ’ ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಮುಟ್ಟಿದೆ. ಅದರ ನಾಯಕಿಗೆ ಕಾನೂನಿನ ಪುಸ್ತಕಗಳೆಲ್ಲ ಬಾಯಿಪಾಠ, ಸುಂಕ ಪೂರ್ತಿ ಸಂದಾಯ. ಆದರೆ ಮೂರನೆಯ ಕಂತಿನಲ್ಲಿ, ಹೆಚ್ಚು ನೆರವು ಬೇಕಾದ ಆಟಿಸಂ ಇರುವ ಯುವಕನ ಪರ ಆಕೆ ವಾದಿಸಬೇಕಾಗುತ್ತದೆ. ತನಗೂ ಅವನಿಗೂ ಹೆಸರು ಒಂದೇ, ಲೋಕ ಕೊಡುವ ಬೆಲೆ ಮಾತ್ರ ಬೇರೆ ಎಂಬುದು ಅವಳಿಗೆ ಅರಿವಾಗುತ್ತದೆ. ಜನಪ್ರಿಯ ಕಥೆಯೊಂದು ತಾನೇ ನಿಂತ ಕೊಂಬೆಯ ಬುಡವನ್ನು ಪರೀಕ್ಷಿಸಿಕೊಂಡ ಗಳಿಗೆ ಅದು.

ಇದು ಬರಿಯ ವಿಮರ್ಶಕರ ತಕರಾರಲ್ಲ. 2024ರ ಜುಲೈ 8ರಂದು ನಿಪುಣ್ ಮಲ್ಹೋತ್ರಾ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ಸಿನಿಮಾಗಳಲ್ಲಿ ಅಂಗವಿಕಲರ ಚಿತ್ರಣ ಹೇಗಿರಬೇಕೆಂದು ಮಾರ್ಗಸೂತ್ರಗಳನ್ನು ಕೊಟ್ಟಿತು. ಅವರನ್ನು ಗೇಲಿ ಮಾಡಬಾರದೆಂಬುದು ಎಲ್ಲರೂ ನಿರೀಕ್ಷಿಸಿದ ಮಾತು. ಅದರೊಂದಿಗೆ, ಅವರನ್ನು ಅತಿಮಾನುಷ ಶಕ್ತಿಯ ವೀರರಾಗಿಯೂ ತೋರಿಸಬಾರದು, ಹಾಗೆ ತೋರಿಸಿದರೆ ಅಂಥ ಶಕ್ತಿಯಿಲ್ಲದವರು ಕೀಳೆಂಬ ಅರ್ಥ ಬರುತ್ತದೆ ಎಂದೂ ನ್ಯಾಯಾಲಯ ಹೇಳಿತು. ಚಿತ್ರಿಸುವಾಗ ಅವರನ್ನೇ ಕೇಳಬೇಕೆಂದಿತು. ಕಾನೂನೂ ಪ್ರತಿಭೆಯನ್ನು ಕೇಳುವುದಿಲ್ಲ. 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆ ಅದನ್ನು ಸೇರಿಸಿತು, 2016ರ ಹಕ್ಕುಗಳ ಕಾಯಿದೆ ಅದನ್ನು ಅಂಗವೈಕಲ್ಯಗಳ ಪಟ್ಟಿಯಲ್ಲಿಟ್ಟು ಶಿಕ್ಷಣದ ಮತ್ತು ಬದುಕಿನ ಹಕ್ಕನ್ನು ಖಚಿತಪಡಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 127 ಮಂದಿಯಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಒಂದೊಂದು ದೊಡ್ಡ ಶಾಲೆಗೂ ಹಲವು ಮಕ್ಕಳು ಎಂದಾಯಿತು.

8

ಕೊನೆಯದಾಗಿ, ಯಾವ ಸಿನಿಮಾವೂ ಮುಟ್ಟದ, ನಮ್ಮ ಮನೆಗಳಿಗೆ ನೇರವಾಗಿ ತಾಗುವ ಒಂದು ವಿಷಯ. ಮನೆಯಲ್ಲಿ ಕನ್ನಡ ಅಥವಾ ತುಳು, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಇನ್ನೊಂದು. ಇದು ನಮ್ಮ ಮಕ್ಕಳ ದಿನಚರಿ. ಮಗು ಮಾತನಾಡಲು ತಡಮಾಡಿದರೆ ‘ಇಷ್ಟೊಂದು ಭಾಷೆ ಬೇಡ, ಶಾಲೆಯದೊಂದೇ ಇರಲಿ’ ಎಂಬ ಸಲಹೆ ನೆಂಟರಿಂದಲೂ ಬರುತ್ತದೆ, ಕೆಲವೊಮ್ಮೆ ತಿಳಿದವರಿಂದಲೂ ಬರುತ್ತದೆ. ಆಗ ಮನೆಯಲ್ಲಿ ಮೊದಲು ಬಾಯಿ ಮುಚ್ಚುವುದು ಕನ್ನಡ. ಆದರೆ 2012ರಲ್ಲಿ ಕೆನಡಾದ ಸಂಶೋಧಕರು ಆಟಿಸಂ ಇರುವ ಮಕ್ಕಳನ್ನು ಅಧ್ಯಯನ ಮಾಡಿದಾಗ, ಎರಡು ಭಾಷೆಗಳ ನಡುವೆ ಬೆಳೆದವರಿಗೆ ಒಂದೇ ಭಾಷೆಯವರಿಗಿಂತ ಹೆಚ್ಚಿನ ಹಿನ್ನಡೆ ಆಗಿರಲಿಲ್ಲ. ಅನಂತರದ ಅಧ್ಯಯನಗಳೂ ಹೆಚ್ಚಾಗಿ ಇದನ್ನೇ ಸಮರ್ಥಿಸಿವೆ. ಎರಡು ಭಾಷೆ ಆಟಿಸಂ ತರುವುದಿಲ್ಲ, ಒಂದನ್ನು ಕಿತ್ತುಹಾಕಿದರೆ ಆಟಿಸಂ ಹೋಗುವುದೂ ಇಲ್ಲ. ಹೋಗುವುದು ಅಜ್ಜಿಯೊಂದಿಗಿನ ಮಾತು. ಅಜ್ಜಿಯ ಜೋಗುಳ ಅರ್ಥವಾಗದ ಮಗುವನ್ನು ‘ತನ್ನಲ್ಲೇ ಲೀನವಾದದ್ದು’ ಎಂದು ಕರೆಯುವ ಮೊದಲು, ಅದರ ಸುತ್ತ ಗೋಡೆ ಕಟ್ಟಿದವರು ಯಾರೆಂದು ಕೇಳಿಕೊಳ್ಳಬೇಕು. ನಮ್ಮ ಪಂಚಾಯತುಗಳ ಬಡ್ಸ್ ಶಾಲೆಗಳಲ್ಲಿ ಕನ್ನಡದ ಮಗುವಿಗೆ ಕನ್ನಡದಲ್ಲಿ ಕಲಿಸಬಲ್ಲವರು ಇದ್ದಾರೆಯೆ ಎಂಬ ಪ್ರಶ್ನೆಯೂ ಭಾಷಾ ಅಲ್ಪಸಂಖ್ಯಾತರ ಬೇಡಿಕೆಗಳ ಪಟ್ಟಿಯಲ್ಲಿ ಇರಬೇಕು. ಮಾಧ್ಯಮದ ಹೋರಾಟವೆಂದರೆ ಪರೀಕ್ಷೆ ಬರೆಯುವ ಮಕ್ಕಳ ಹೋರಾಟ ಮಾತ್ರವಲ್ಲ.

ಎರಡು ಭಾಷೆಗಳ ನಡುವೆ ನಿಂತು ಬರೆಯುವ ನಮ್ಮ ಲೇಖಕರಲ್ಲಿ, ಕನ್ನಡದವರಲ್ಲಿಯೂ ಮಲಯಾಳದವರಲ್ಲಿಯೂ, ಒಂದು ಮಾತು ಬಿನ್ನವಿಸುತ್ತೇನೆ. ಆಟಿಸಂ ಇರುವ ಪಾತ್ರವನ್ನು ಬರೆಯುವುದಾದರೆ ಅವರ ಶಕ್ತಿಯನ್ನು ಖಂಡಿತ ಬರೆಯಿರಿ. ಬಸ್ಸುಗಳ ವೇಳಾಪಟ್ಟಿ ಬಾಯಿಪಾಠವಿರುವವನನ್ನು ಬರೆಯಿರಿ, ಚೆಂಡೆಯ ಪೆಟ್ಟು ಎಲ್ಲಿ ತಪ್ಪಿತೆಂದು ಥಟ್ಟನೆ ಗುರುತಿಸುವವಳನ್ನು ಬರೆಯಿರಿ, ಸುಳ್ಳು ಹೇಳಲು ಬಾರದೆ ಮನೆಯವರನ್ನು ಪೇಚಿಗೆ ಸಿಕ್ಕಿಸುವವನನ್ನು ಬರೆಯಿರಿ. ಜತೆಗೇ, ಅಡಿಕೆಯಂಗಳದ ಮೂಲೆಯಲ್ಲಿ ಕುಳಿತು ಇಡೀ ಮಧ್ಯಾಹ್ನ ಒಂದೇ ಹಾಳೆಯನ್ನು ತಿರುಗಿಸುತ್ತಿರುವ, ಬೇರೇನೂ ಮಾಡದ, ಮಾಡಬೇಕಾಗಿಯೂ ಇಲ್ಲದ ಮಗುವನ್ನೂ ಬರೆಯಿರಿ. ಆ ಮಗುವಿಗೂ ಒಂದು ಕಥೆಯಲ್ಲಿ ಸುಂಕವಿಲ್ಲದೆ ಪ್ರವೇಶ ಸಿಕ್ಕ ದಿನ, ಆಟಿಸಂನ ಬಗ್ಗೆ ನಾವು ಬರೆಯಲು ಕಲಿತೆವೆಂದು ಹೇಳಬಹುದು.